ಅಲ್ಲ

ಯಾಂಡೀನಾ ಊರಾಚೆಯ ತಗಡಿನ ಶೆಡ್ಡಿನಲ್ಲಿ
ಹೊಸ ಎಣ್ಣೆಯ ಗುಣ ಅಳೆಯುವ ಕೆಲಸ ನನ್ನದು.
ಸೂಜಿಮೊನೆಯಷ್ಟು ಒಳಗೆ ಬಿಟ್ಟು ಕೂತರೆ
ಯಂತ್ರ ಸಾವಕಾಶ ಗುಡ್ಡ ಬರೆಯುತ್ತದೆ:
ಮೊಂಡು, ಗಿಡ್ಡ, ಅಂಟಿಕೊಂಡ ಎರಡು,
ಆಮೇಲೆ ಕಾಗದದಾಚೆ ಹಾರುವಂತೆ ಒಂದು.
ಜಿಂಜಿಬೆರೀನ್.

"ಎಂಥ ಹೆಸರಪ್ಪ ಇಟ್ಟರು,"
ಬಾಟಲಿಗೆ ಚೀಟಿ ಅಂಟಿಸುತ್ತ ಲೊರೇನ್ ಗೊಣಗಿದಳು.
ಅವಳಜ್ಜ ಇದೇ ಇಳಿಜಾರಿನಲ್ಲಿ ಶುಂಠಿ ಅಗೆದವನು.
ಮೊಣಕಾಲು ಸವೆಸಿದ, ಹೆಸರಿಗೆ ತಲೆ ಕೆಡಿಸಿಕೊಂಡವನಲ್ಲ.

ಊಟದ ಹೊತ್ತಲ್ಲಿ ನಾನೇ ಸುಲಿಯಲು ಕೂತೆ,
ಚಮಚೆಯ ಅಂಚಿನಿಂದ ಹಸಿ ಸಿಪ್ಪೆ ಕೆರೆವ ಹಾಗೆ.
ಬಾಲದ 'ಈನ್' ರಸಾಯನದವರು ಹಚ್ಚಿದ್ದು,
ಮುಟ್ಟುವುದರೊಳಗೆ ಉದುರಿತು.
ಒಳಗೆ ಲ್ಯಾಟಿನ್ನು, ಲ್ಯಾಟಿನ್ನಿನಡಿ ಗ್ರೀಕು,
ಗ್ರೀಕಿನಡಿ ಹಡಗಿನ ಉಪ್ಪು, ಯಾವನೋ ದಲ್ಲಾಳಿಯ ಎಂಜಲು,
ಪ್ರಾಕೃತದ ಸಿಂಗಿವೇರ.
ಸಂಸ್ಕೃತ ಅದಕ್ಕೊಂದು ಕೊಂಬು ಮೂಡಿಸಿ
ಶೃಂಗವೇರ ಎಂದಿತು; ನೋಡಲು ಹಾಗೇ ಇದೆ, ಸುಳ್ಳಲ್ಲ.
ಎಲ್ಲದರಡಿ, ಮಣ್ಣು ಮೆತ್ತಿಕೊಂಡೇ,
ತೆಂಕಣದ ಇಂಜಿ, ಇಂಜಿಯ ಬೆನ್ನಿಗೆ ವೇರ್.
ವಕಾರವನ್ನು ಬಕಾರ ಮಾಡು,
ನಮ್ಮ ಬಾಯಿ ಹಿಂದಿನಿಂದ ಮಾಡಿದ ಹಾಗೆ.
ಬೇರು.

ಒಂಬತ್ತು ವರ್ಷ, ದಿನಕ್ಕೆ ಹತ್ತು ಸಲ
ನಾನೇ ಬರೆದ ಹೆಸರಿನ ನಟ್ಟನಡುವೆ
ತಲೆಮರೆಸಿಕೊಳ್ಳದೆ ಕೂತಿತ್ತು.

"ಬೇರು ಅಂತೆ, ಲೊರೇನ್!"
ಅವಳು ತಲೆ ಎತ್ತಲಿಲ್ಲ.
ಶುಂಠಿ ನೆಲದಡಿ ಅಡ್ಡ ಮಲಗಿದ ಕಾಂಡ,
ಇಲ್ಲಿ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು ಎಂದಳು.
ಎರಡು ಸಾವಿರ ವರ್ಷ ತಪ್ಪು ವಿಳಾಸ ಹೊತ್ತು
ಇಷ್ಟು ಸಮುದ್ರ ದಾಟಿತೇ ಪಾಪ.
ಅವಳ ಮಾತನ್ನು ಒಳಗೊಳಗೇ ಕನ್ನಡಕ್ಕೆ ಮಗುಚಿದೆ:
ಬೇರು ಅಲ್ಲ.

ಅಲ್ಲ.
ಬೀದರಿನ ನಮ್ಮ ಓಣಿಯಲ್ಲಿ ಹಸಿಶುಂಠಿಗೆ ಇದ್ದದ್ದು ಅದೊಂದೇ ಹೆಸರು.
ಚಹಾದಂಗಡಿಯ ಮೈನೋದ್ದೀನ್ ಚಾಚಾ
ಕಲ್ಲಿನ ಮೇಲೆ ಜಜ್ಜುತ್ತ ಹೇಳುತ್ತಿದ್ದ,
"ಅಲ್ಲ ಇಲ್ಲಂದ್ರ ಅದು ಚಹಾನೇ ಅಲ್ಲ."
ಆ ಪದದ ಬುಡ ಕೆದಕಲು ಹೋಗಲಿಲ್ಲ ನಾನು.
ಒಂದು ದಿನಕ್ಕೆ ಒಂದು ಗಡ್ಡೆ ಸಾಕು.

ಕಪಾಟಿನಲ್ಲಿ ಹೋದ ವರ್ಷದ ಬಾಟಲಿ.
ಅದರಲ್ಲಿ ಎತ್ತರದ ಗುಡ್ಡ ಕುಸಿಯುತ್ತ,
ಪಕ್ಕದಲ್ಲಿ ಅರಿಶಿನದ ಹೆಸರಿನದೊಂದು ಏಳುತ್ತಿದೆ.
ಇವತ್ತಿನ ಎಣ್ಣೆ ಇನ್ನೂ ತನ್ನ ಹೆಸರಿನಲ್ಲೇ ಇದೆ.

ಸಂಜೆ ತುಂಬಿಸುವ ಫಾರಮ್ಮಿನಲ್ಲಿ
ಸಸ್ಯದ ಭಾಗ: ಬೇರು
ಎಂದು ಎಂದಿನಂತೆ ಅಚ್ಚಾಗಿಯೇ ಬಂದಿತ್ತು.
ಹೊಡೆದು ಹಾಕಲಿಲ್ಲ.
ಪಕ್ಕದಲ್ಲಿ ಪೆನ್ಸಿಲಿನಿಂದ ಎರಡಕ್ಷರ ಬರೆದೆ,
ಒತ್ತು ಕೊಟ್ಟು.