ಇಪ್ಪತ್ತೆರಡನೆಯ ಬಾಗಿಲು

ಬ್ರೆಮನ್ನಿನ ಹೊರಗೆ ಲಾರಿಗಳು ಸಾಲಾಗಿ ನಿದ್ದೆಹೋಗುವ ಜಾಗ.
ಸ್ಟೀರಿಂಗಿಗೆ ಆನಿಸಿದ ಲ್ಯಾಪ್‌ಟಾಪು, ಆರಿದ ಕಾಫಿ.
ದಿನಕ್ಕೊಮ್ಮೆ ಹೀಗೆ
ಸಾವಿರ ಚಿಲ್ಲರೆ ಕಿಲೋಮೀಟರು ದಾಟಿ
ಕೊಬಾರಿದ್‌ನ ನನ್ನ ಹಿತ್ತಲಿಗೆ ಹೋಗಿಬರುತ್ತೇನೆ,
ಚಪ್ಪಲಿ ಮೆಟ್ಟದೆ.

ಅಟ್ಟದ ಮೇಲೊಂದು ಪುಟ್ಟ ಕಂಪ್ಯೂಟರು, ಬೆಂಕಿಪೊಟ್ಟಣದ ಅಣ್ಣ.
ಜೇನುಪೆಟ್ಟಿಗೆಯಡಿಯ ತಕ್ಕಡಿ ಅದಕ್ಕೆ ತೂಕ ಹೇಳುತ್ತದೆ,
ಅದು ನನಗೆ.
ಮೊನ್ನೆ ನಲವತ್ತೊಂದು ಕಿಲೋ.
ಅಕೇಶಿಯಾ ಹೂಬಿಟ್ಟಿತು ಅಂದುಕೊಂಡೆ,
ಡೀಸೆಲ್ ವಾಸನೆಯಲ್ಲಿ ಕೂತು.

ಇವತ್ತು ಕರೆದೆ. ಉತ್ತರವಿಲ್ಲ.
ಮತ್ತೆ ಕರೆದೆ.
'ಬರಬೇಡ' ಅನ್ನುವುದೂ ಒಂದು ಉತ್ತರವೇ:
ಬಾಗಿಲ ಹಿಂದೆ ಯಾರೋ ಇದ್ದಾರೆ, ಮುನಿಸಿಕೊಂಡಿದ್ದಾರೆ, ಅಷ್ಟೆ.
ಇದು ಹಾಗಲ್ಲ.
ಬಾವಿಗೆ ಬಿಟ್ಟ ಕಲ್ಲು
ನೀರಿಗೂ ತಾಗದೆ ತಳಕ್ಕೂ ತಾಗದೆ
ದಂಡೆಯಲ್ಲಿ ನಿಂತವನ ಎಣಿಕೆ ಮಾತ್ರ ಉದ್ದವಾಗುವುದು.

ಇಂಟರ್ನೆಟ್ ಕಂಪನಿಯ ಹುಡುಗಿ ದನಿ ಏರಿಸಲಿಲ್ಲ:
"ಸೋಮವಾರದಿಂದ ಇಪ್ಪತ್ತೆರಡನೇ ಪೋರ್ಟು ಮುಚ್ಚಿದ್ದೇವೆ, ಸರ್.
ನಿಮ್ಮ ಸುರಕ್ಷತೆಗಾಗಿ.
ತೆರೆಸಬೇಕಿದ್ದರೆ ವ್ಯಾಪಾರಸ್ಥರ ಪ್ಲಾನು ಇದೆ."
ನನ್ನದೇನು ವ್ಯಾಪಾರ? ಎರಡು ಪೆಟ್ಟಿಗೆ ಹುಳ,
ಕ್ರಿಸ್‌ಮಸ್ಸಿಗೆ ತಂಗಿಗೆ ನಾಲ್ಕು ಬಾಟ್ಲಿ.
ಅಟ್ಟದ ದೇವರು ಎಚ್ಚರವಾಗೇ ಇದ್ದಾನೆ,
ಪೂಜಾರಿ ಬೀಗ ಜಡಿದಿದ್ದಾನೆ.

ಶುಕ್ರವಾರ ಮನೆ ಸೇರಿದೆ, ಮೈಸಮೇತ.
ಅಟ್ಟ ಹತ್ತಿ ನೋಡಿದರೆ
ಬುಧವಾರ, ಹನ್ನೊಂದು ನಲವತ್ತು:
ಎರಡು ಕಿಲೋ ಎಂಟುನೂರು ಗ್ರಾಂ ಒಮ್ಮೆಗೇ ಇಳಿದಿದೆ.
ರಾಣಿ ಅರ್ಧ ಸಂಸಾರ ಕಟ್ಟಿಕೊಂಡು ಎದ್ದು ಹೋಗಿದ್ದಾಳೆ.
ಪಾಪದ್ದು, ನಿಮಿಷ ತಪ್ಪದೆ ಬರೆದಿಟ್ಟಿದೆ,
ಕೇಳುವವರಿಲ್ಲದೆ.

ಬೇಲಿಯಾಚೆಯಿಂದ ಸ್ತಾಂಕಾ:
"ನೋಡಿದೆನಲ್ಲ, ತಿಲೆನ್! ನಮ್ಮ ಪೇರ್ ಮರಕ್ಕೆ
ಗಡ್ಡ ಬಂದ ಹಾಗೆ ಎರಡು ಗಂಟೆ ಜೋತಿತ್ತು.
ಆಮೇಲೆ ನದಿಯ ಕಡೆ ಹಾರಿತು.
ಫೋನ್ ಮಾಡೋಣ ಅಂತಲೇ ಇದ್ದೆ.
ನಿನ್ನ ಯಂತ್ರ ಹೇಳಿರುತ್ತೆ ಅಂದುಕೊಂಡೆ."

ಈಗ ಅಟ್ಟದ ಮಾತು ಬರುವುದು
ನಾನೂರ ನಲವತ್ತಮೂರನೇ ಬಾಗಿಲಿಂದ.
ಊರೆಲ್ಲ ನುಗ್ಗುವ ಹೆಬ್ಬಾಗಿಲು, ಮುಚ್ಚಿದರೆ ಕಂಪನಿಗೇ ಉಪವಾಸ.
ಬ್ಯಾಂಕಿಗೆ, ಬಟ್ಟೆಯಂಗಡಿಗೆ ಹೋಗುವವರ ನಡುವೆ
ಮುಸುಕು ಹೊದ್ದು ನನ್ನ ಜೇನಿನ ತೂಕವೂ ಹಾಯುತ್ತದೆ.
ಇದೂ ಎಷ್ಟು ದಿನವೋ.

ಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ
ನನ್ನ ನಂಬರು ಬರೆದಿದ್ದೇನೆ,
ಸ್ತಾಂಕಾಳ ಅಡುಗೆಮನೆ ಕಿಟಕಿಗೆ ಕಾಣುವಷ್ಟು ದೊಡ್ಡದಾಗಿ.
ಮಳೆ ಬಂದರೆ ಮತ್ತೆ ಬರೆಯಬೇಕು.