ಕೊಸರು

ಅಂಗಡಿ ಜೋಡಿಸುವುದು ರಾತ್ರಿಯ ಕೆಲಸ.
ಪೋರ್ತೊ ಊರು ಮಲಗಿದ ಮೇಲೆ,
ದೋರು ನದಿಯ ಮಂಜು ಬೀದಿ ಹತ್ತಿ ಬರುವ ಹೊತ್ತಿಗೆ
ನಾನು, ಅದೆರಿತು, ಡ್ರಿಲ್ಲು ಹಿಡಿದು ಏಣಿಯ ಮೇಲಿರುತ್ತೇನೆ.
ಅಂಟು ಬಳಸುವುದಿಲ್ಲ, ಬರೀ ಸ್ಕ್ರೂ.
ಕೂಡಿಸಿದವನೇ ಬಿಚ್ಚಬೇಕು, ಹದಿನೆಂಟು ತಿಂಗಳಿಗೆ.

ಮೊದಲು ಗಾಜು ಬಂತು. ಎಲ್ಲವೂ ಗಾಜು.
ಬೋಲ್ಟು ಕಾಣಬಾರದು, ತೊಲೆ ಕಾಣಬಾರದು,
ಸರಕು ಗಾಳಿಯಲ್ಲಿ ನಿಂತಂತಿರಬೇಕು.
ಆಮೇಲೆ ಕಪ್ಪು ಕಬ್ಬಿಣದ ಕೊಳವೆ,
ಕೊಳಾಯಿಯವನ ಮನೆಗೆ ಕನ್ನ ಹಾಕಿದ ಹಾಗೆ.
ಆಮೇಲೆ ಬೊಂಬೆಗಳ ತಲೆ ಹೋಯಿತು:
ಮುಖವಿದ್ದರೆ ಗಿರಾಕಿ ಮುಖ ನೋಡುತ್ತಾನಂತೆ,
ಅಂಗಿ ನೋಡುವುದಿಲ್ಲವಂತೆ.
ಮೂವತ್ತೊಂದು ತಲೆಗಳನ್ನು ಗೋಣಿಗೆ ತುಂಬಿ
ನಾನೇ ವ್ಯಾನಿಗೆ ಹೊತ್ತೆ. ಒಂದು ನಗುತ್ತಿತ್ತು.

ಈ ಸಲದ್ದು ಹಳತು.
"ಹೊಸತಾಗಿ ಕಾಣಕೂಡದು," ಎಂದಳು ಬೆನೆದಿತಾ, ನಕ್ಷೆ ಬರೆಯುವವಳು,
"ಬಳಸಿದ ಮರ, ಸವೆದ ಅಂಚು, ಮತ್ತೆ ತುಂಬಾ ಖಾಲಿ ಜಾಗ."
ಖಾಲಿ ಜಾಗಕ್ಕೂ ಬಾಡಿಗೆ ಕಟ್ಟುತ್ತೇವೆಂದು
ತೋರಿಸಿಕೊಳ್ಳುವುದೇ ಈಗ ಸಿರಿತನ.
ಸವೆದ ಮರ ಸಿಗದಿದ್ದರೆ
ಹೊಸ ಹಲಗೆಗೆ ಸರಪಳಿಯಲ್ಲಿ ಬಾರಿಸುತ್ತೇವೆ,
ಚಹಾ ಬಳಿಯುತ್ತೇವೆ, ಮೊಳೆಯಿಂದ ಹುಳುತೂತು ಕೊರೆಯುತ್ತೇವೆ.
ಒಂದು ಮೇಜಿಗೆ ನಲವತ್ತು ವರ್ಷ, ಊಟದ ಹೊತ್ತಿನೊಳಗೆ.

ಈ ಕೌಂಟರಿಗೆ ಮಾತ್ರ ಏಟು ಬೇಕಾಗಲಿಲ್ಲ.
ಮೂಲೆಯ ಗುಂಡಿ-ನೂಲಿನ ಅಂಗಡಿ ಮುಚ್ಚಿದಾಗ
ಇಡಿಯಾಗಿ ಕೊಂಡಿದ್ದೆವು: ಕಡುಗಂದು ಮರ,
ಅಂಚಿಗೆ ಹೂತ ಹಿತ್ತಾಳೆಯ ಮೀಟರುಪಟ್ಟಿ,
ಸೊನ್ನೆಯ ಕಡೆ ಗೀಟುಗಳೇ ಇಲ್ಲ, ನುಣ್ಣಗೆ ಅಳಿಸಿಹೋಗಿ.
ಈಗ ಅದರ ಮೇಲೆ ಮೂರು ಬೂಟು.
ಮೂರು ಜೊತೆಯಲ್ಲ, ಮೂರು ಬೂಟು.
ಬೆಲೆಚೀಟಿಯ ಬದಲು ಪುಟ್ಟ ಪರದೆ;
ಎಲ್ಲೋ ಕೂತ ಯಾರೋ ಒತ್ತಿದರೆ
ರೆಪ್ಪೆ ಬಡಿಯುವಷ್ಟರಲ್ಲಿ ಬೆಲೆ ಬೇರೆ.

ತೆರೆದ ಮೂರನೆಯ ದಿನ ದೀಪ ಕೆಟ್ಟಿತೆಂದು ಕರೆದರು.
ಏಣಿಯ ಮೇಲಿಂದ ಕಂಡೆ:
ಬೂದು ಕೋಟಿನ ದೆಯೊಲಿಂದಾ, ಕೈಯಲ್ಲಿ ಸೊಪ್ಪಿನ ಚೀಲ,
ಕೌಂಟರಿನ ಎದುರು ನಿಂತವಳು
ಸುತ್ತಿ ಬಂದು ಹಿಂದೆ ನಿಂತಳು.
ಅಳುತ್ತಾಳೇನೋ ಅಂದುಕೊಂಡೆ.
"ಎತ್ತರ ತಪ್ಪಿದೆ," ಎಂದಳು.
"ಗೇಣುದ್ದ ಎತ್ತಿಬಿಟ್ಟಿದ್ದೀರಿ.
ಮಕ್ಕಳು ಗದ್ದ ಇಡುವುದೆಲ್ಲಿ?"

ಎತ್ತಿದವನು ನಾನೇ. ಸುಮ್ಮನಿದ್ದೆ.

ಅವಳು ನಡುವಿನ ಬೂಟಿನ ಲಾಡಿ ಎಳೆದಳು,
ತನ್ನದೇ ಸರಕೆಂಬಂತೆ,
ಹಿತ್ತಾಳೆಗೆ ಹಿಡಿದಳು. ಸವೆದ ತುದಿಯಲ್ಲಿ ಹೆಬ್ಬೆಟ್ಟು
ಮುಚ್ಚಳ ತನ್ನ ಡಬ್ಬಿಗೆ ಕೂರುವ ಹಾಗೆ ಕೂತಿತು.
ಸೊನ್ನೆಯಿಂದಲ್ಲ, ಹೆಬ್ಬೆಟ್ಟಿನ ಆಚೆಯಿಂದ ಅಳೆದಳು.
"ಮೀಟರಿಗೆ ಇಷ್ಟು ಕೊಸರು. ನಮ್ಮತ್ತೆಯ ಕಾಲದಿಂದ."

ಕಿವಿಗೆ ತಂತಿ ಸಿಕ್ಕಿಸಿದ ಹುಡುಗ ಓಡಿ ಬಂದ.
"ಲಾಡಿ ಮೀಟರಿಗೆ ಎಷ್ಟಪ್ಪಾ?"
ಅವನು ಪರದೆ ನೋಡಿದ. ಫೋನು ನೋಡಿದ. ನನ್ನನ್ನು ನೋಡಿದ.
"ಬಿಡಿಯಾಗಿ ಮಾರುವುದಿಲ್ಲ."
"ಮತ್ತೆ ಇದು ಯಾಕೆ?" ಹಿತ್ತಾಳೆಯ ಮೇಲೆ ಉಗುರಿನ ಟಕಟಕ.
"ಚೆಂದಕ್ಕೆ."
ಸ್ವಲ್ಪ ಯೋಚಿಸಿ ಒಪ್ಪಿದಳು: "ಚೆಂದವೇನೋ ಇದೆ."
ಲಾಡಿ ಮತ್ತೆ ಪೋಣಿಸಿ ಒಂದು ಗಂಟು ಬಿಗಿದಳು
(ಅಂಗಡಿಯವರಿಗೆ ಅದನ್ನು ಬಿಚ್ಚಲು ಮೂರು ದಿನ ಹಿಡಿಯಿತು),
ಸೊಪ್ಪಿನ ಚೀಲ ಎತ್ತಿಕೊಂಡು ಹೋದಳು.

ಹೊಸ ನಕ್ಷೆ ಬಂದಿದೆ. ಈಗ ಅಣಬೆಯಿಂದ ಬೆಳೆಸಿದ ಗೋಡೆಯಂತೆ,
ಬಿಳಿ, ದುಂಡು, ಅಂಚೇ ಇಲ್ಲದ್ದು.
ಕೌಂಟರು ಗೋದಾಮಿಗೆ.
ಬಿಚ್ಚುವಾಗ ಉಕ್ಕಿನ ಕಾಲು ಮೊದಲು ತೆಗೆದೆ,
ಬೆಳಗಿನ ವ್ಯಾನು ಬರುವತನಕ
ಅದು ತನ್ನ ಎತ್ತರದಲ್ಲಿ ನಿಂತಿತ್ತು.

ಬೆನೆದಿತಾ ಬೈಯುತ್ತಾಳೆ:
ಈಚೆಗೆ ನಿನ್ನ ಹಲಗೆಗಳೆಲ್ಲ
ಎರಡು ಸೆಂಟಿಮೀಟರು ಉದ್ದ ಬರುತ್ತಿವೆ,
ಗರಗಸ ಸರಿಮಾಡಿಸು.

ಗರಗಸ ಸರಿಯಾಗೇ ಇದೆ.