ಹುಣಸಿಬೀಜದಷ್ಟು

ಚೀಟಿಯ ಬೆನ್ನಿಗೆ ಡಾಕ್ಟರಮ್ಮ ಒಂದು ತಲಿ ಬರದರು,
ತಲಿಯೊಳಗ ಒಂದು ಚುಕ್ಕಿ.
‘ರಕ್ತನಾಳಗಳ ಗಂಟು. ಹುಣಸೆ ಬೀಜದಷ್ಟು.’
ಆಮ್ಯಾಲೆ ಹೊರಗಿನಿಂದ ಗೆರಿ ಎಳದರು, ಎಳದರು, ಎಳದರು,
ನೂರಾ ತೊಂಬತ್ತೆರಡು ಅಂತ. ಇಪ್ಪತ್ತಕ್ಕ ಪೆನ್ನು ನಿಂತಿತು.
‘ಒಂದೊಂದು ಕಿರಣಕ್ಕೆ ಬಲವಿಲ್ಲ.
ಎಲ್ಲ ಕೂಡಿದಲ್ಲಿ ಮಾತ್ರ ಸುಡುತ್ತದೆ.’

ನನಗ ತಿಳೀತು. ನಾ ಹಟ್ಟಿಯಾಂವ.
ಇಪ್ಪತ್ತೆರಡನೇ ಲೆವೆಲ್ಲಿನಾಗ
ಒಬ್ಬನ ಕ್ಯಾಪ್ ಲ್ಯಾಂಪಿಗೆ ಕಾಣೂದು ಅವನ ಬೂಟು ಅಷ್ಟ.
ಖಾಜಾಹುಸೇನ ಕಲ್ಲಿನ ಕೆಳಗ ಸಿಕ್ಕ ದಿನ
ಯಾರೂ ಹೇಳಲಿಲ್ಲ, ಹದಿನಾಲ್ಕು ತಲಿ ಒಮ್ಮಿಗೇ ತಿರುಗಿದ್ವು,
ಅವನ ಕೈ ಮ್ಯಾಲೆ ಹಗಲಾತು.
ಉಂಗುರದ ಅಕ್ಷರ ಸೈತ ಓದಬಹುದಿತ್ತು.

ತಲಿಗೆ ಬಿಗಿಯೋ ಚೌಕಟ್ಟು ತೋರಿಸಿದಾಗ
ಹುಲಿಗೆಮ್ಮ ಕೇಳಿದಳು: ‘ಅಪ್ಪಾ, ಇದು ನಿನ್ನ ಟೊಪ್ಪಿಗಿಯಂಥದ?’
ಹೂಂ ಅಂದೆ. ಪೂರಾ ಸುಳ್ಳಲ್ಲ.
ಆಮ್ಯಾಲೆ ನಿದ್ದಿ ಸೂಜಿ, ದಪ್ಪನ ಬಾಗಿಲ.
ಹೊರಗ ನಾನು, ಕೈಯಾಗ ಅವಳ ಚಪ್ಪಲಿ,
ಸೈರನ್ ಆದ ದಿನ ಶಾಫ್ಟಿನ ಬಾಯಿಗೆ ಬಂದು
ಕೇಜು ಮ್ಯಾಲೆ ಬರೂದನ್ನ ಕಾಯೋ ಹೆಂಗಸರ ಹಂಗ.
ಇಷ್ಟು ವರ್ಷ ನನಗ ಗೊತ್ತಿರಲಿಲ್ಲ
ಇವಳವ್ವ ಹೆಂಗ ನಿಂತಿರತಾಳಂತ.

ಕೊಯ್ದಿಲ್ಲ, ಹೊಲದಿಲ್ಲ. ಬಸ್ಸಿಳಿದ ಮುಂಜಾನಿ
ನಮ್ಮವ್ವ ಮೊಮ್ಮಗಳ ಕೂದಲು ಸೀಳಿ ಸೀಳಿ ಹುಡುಕಿದಳು,
ಹೇನು ನೋಡಿದಂಗ.
‘ಗಾಯಾನ ಇಲ್ಲ! ಅಷ್ಟು ರೊಕ್ಕ ಯಾವುದಕ್ಕ ತೊಗೊಂಡರು?’

ಗಂಟು ಮುಚ್ಚಾಕ ಎರಡು ವರ್ಷ, ಮೂರೂ ಆಗಬಹುದು.
ಅಲ್ಲೀತನಕ ಅದು ಒಡೆಯಂಗಿಲ್ಲ ಅಂತ
ಬರಕೊಡಾಕ ಬರಂಗಿಲ್ಲ ಅಂದರು.
ಸಿಡಿಸಿದ ಮ್ಯಾಲೆ ಹೊಗಿ ಇಳಿಯೂತನಕ ಕುಂಡ್ರತೀವಲ್ಲ,
ಒಳಗ ಏನು ಒಡದೈತಿ, ಏನು ಜೋತುಬಿದ್ದೈತಿ
ಕಲ್ಲಿಗಷ್ಟ ಗೊತ್ತು,
ಹಂಗ ಕುಂತೀವಿ ಮನಿಯಾಗ, ಎಲ್ಲಾರೂ.
ಅವಳೊಬ್ಬಾಕಿ ಬಿಟ್ಟು.

ಅವಳು ಸೈಕಲ್ಲು ಕೇಳತಾಳ. ಬ್ಯಾಡ ಅಂದರ
ಗ್ವಾಡಿಗೆ ಮಾರಿ ಮಾಡಿ ಕುಂಡ್ರತಾಳ, ಅರ್ಧ ತಾಸು.

ನಿನ್ನಿ ಎರಡನೇ ಪಾಳಿ ಮುಗಿಸಿ ಬಂದೆ.
ಲ್ಯಾಂಪು ಲ್ಯಾಂಪ್ ರೂಮಿನಾಗ, ಮನಿಯಾಗ ಕರೆಂಟಿಲ್ಲ.
ಬೆರಳಿಲೆ ಅವಳ ಹಣಿ ತಡವಿದೆ,
ಸ್ಕ್ರೂ ಕೂತಿದ್ದ ಎರಡು ಕಲಿ.
ಒಂದು ಮಾಸೇತಿ.
ಇನ್ನೊಂದರ ಹಂತ್ಯಾಕ ಉಬ್ಬಿತ್ತು. ಬೆರಳು ಅಲ್ಲೇ ನಿಂತಿತು.
ನಿದ್ದಿಗಣ್ಣಾಗ ಕೈ ದಬ್ಬಿದಳು:
‘ಅದು ಸೊಳ್ಳಿ ಕಡದದ್ದಪ್ಪಾ. ಮಲಗು.’